ಬಯ್ಯಪ್ಪನ ಹೊಲ

ಚೈತನ್ಯ ವಿಮಾನ ಹಾರಿಸುವುದನ್ನು ಮೊದಲು ಅಭ್ಯಾಸ ಮಾಡಿದ್ದು ನಮ್ಮ ಮನೆಯ ಮುದ್ದೆ ಕೋಲಿನಲ್ಲಿ. ಅವಳು ನನ್ನ ಮಗ ರಮೇಶ್‌ಬಾಬುವಿನ ಮಗಳು. ಗೌರಿಬಿದನೂರಿನಿಂದಾಚೆ ನದಿ ಬಯಲಿನಲ್ಲಿ ವಿಮಾನ ಕಲಿಸುವ ಶಾಲೆಯೊಂದಿದೆ. ಅಲ್ಲಿಗೆ ಸೇರಿದ ಮೇಲೆ ಭಾನುವಾರ ಬಂತೆಂದರೆ ಮಂಚೇನಹಳ್ಳಿಯ ನಮ್ಮ ಮನೆಗೆ ಬಂದುಬಿಡುತ್ತಿದ್ದಳು. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದು ಕೂತು ನನಗೊಂದು ಕೆಲಸ ಕೊಟ್ಟಿದ್ದಳು.

"ಅಜ್ಜಿ, ನೀನು ಯಾವಾಗ ಬೇಕಾದ್ರೂ 'ಇಂಜಿನ್ ಹೋಯ್ತು' ಅನ್ನು. ನಂಗೆ ಗೊತ್ತಾಗದ ಹಾಗೆ ಅನ್ಬೇಕು."

ನಾನು ಕಾಯುತ್ತಿದ್ದೆ. ಕಾಯುವುದು ನನಗೆ ಕಷ್ಟವಲ್ಲ. ಅವಳು ಕೋಲು ಬಿಟ್ಟು, ತಟ್ಟೆಯ ಮುಂದೆ ಕೂತು, ಸೊಪ್ಪಿನ ಸಾರಿಗೆ ಮುದ್ದೆ ಅದ್ದಿ ಬಾಯಿಗಿಡುವ ಹೊತ್ತಿಗೆ ತಟ್ಟನೆ ಅನ್ನುತ್ತಿದ್ದೆ: "ಇಂಜಿನ್ ಹೋಯ್ತು!"

ಬಾಯಲ್ಲಿದ್ದದ್ದನ್ನು ನುಂಗದೆಯೇ ಒಪ್ಪಿಸುತ್ತಿದ್ದಳು. "ಮೂಗು ಕೆಳಗೆ. ವೇಗ ಬಿಡಬೇಡ. ಎದುರಿಗೆ ಬಯಲು ನೋಡು. ಪೆಟ್ರೋಲ್ ಬಂದ್. ಬಾಗಿಲು ಸಡಿಲ ಮಾಡು. ಹಿಂದಕ್ಕೆ ತಿರುಗಬೇಡ."

ನಮ್ಮ ಯಜಮಾನರು ಮುನಿವೆಂಕಟಪ್ಪನವರಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. "ಅಲ್ಲ ಕಣಮ್ಮ, ಎದ್ದ ಜಾಗ ಅಲ್ಲೇ ಹಿಂದೇನೇ ಇರುತ್ತಲ್ಲ? ತಿರುಗಿಸ್ಕೊಂಡು ಅಲ್ಲೇ ಇಳಿಸೋದಪ್ಪ."

"ಎಲ್ಲಾರ್ಗೂ ಹಂಗೇ ಅನ್ಸುತ್ತೆ ತಾತ. ಆಗ ತಾನೇ ಎದ್ದಿರ್ತೀವಿ, ಎತ್ತರಾನೂ ಇರಲ್ಲ, ವೇಗಾನೂ ಇರಲ್ಲ. ತಿರುಗಿಸಿದ್ರೆ ಒಂದು ರೆಕ್ಕೆ ಕೈಬಿಟ್ಬಿಡುತ್ತೆ. ಧೊಪ್ ಅಂತ ಬೀಳ್ತೀವಿ. ಎದುರಿಗೆ ಹಳ್ಳ ಇದ್ರೂ ಎದುರಿಗೇ ಇಳಿಸು ಅಂತಾರೆ ನಮ್ ಸಾರ್."

ಅವಳ ಸಾರ್ ಎಂದರೆ ಕ್ಯಾಪ್ಟನ್ ಚನ್ನಕೇಶವ. ಚಿಂತಾಮಣಿಯವರು. ಶಾಲೆ ಶುರುವಾದಾಗಿನಿಂದ ಹುಡುಗರಿಗೆ ಹಾರುವುದನ್ನು ಕಲಿಸುತ್ತಿದ್ದರು. ಅವರು ನಮಗೆ ಇನ್ನೊಂದು ರೀತಿಯಲ್ಲೂ ಗೊತ್ತಿದ್ದರು. ವಿಮಾನ ಓಡಿ ಮೇಲೇಳುವ ದಾರಿಯ ಕೊನೆಗೆ ಒಂದು ಬೇಲಿ, ಬೇಲಿಯಾಚೆ ಗಾಡಿ ರಸ್ತೆ, ರಸ್ತೆಯಾಚೆ ನನ್ನ ತಮ್ಮ ಬಯ್ಯಪ್ಪನ ರಾಗಿ ಹೊಲ. ಉದ್ದವಾದ, ಅಂಗೈಯಷ್ಟು ಸಮನಾದ ಹೊಲ. ರಾಗಿ ಕೊಯ್ಲಾದ ಮೇಲೆ ಕ್ಯಾಪ್ಟನ್ ತಾವೇ ಸ್ಕೂಟರಿನಲ್ಲಿ ಬಂದು, ಹುಲ್ಲಿನ ಬಣವೆಯನ್ನು ಹೊಲದ ನಡುವೆ ಒಟ್ಟಬೇಡಿ, ಬದುವಿನ ಕಡೆ ಒಟ್ಟಿಕೊಳ್ಳಿ ಎಂದು ಬಯ್ಯಪ್ಪನನ್ನು ಕೇಳಿಕೊಂಡು ಹೋಗುತ್ತಿದ್ದರು.

"ನಿಮ್ ವಿಮಾನಕ್ಕೆ ನಮ್ ಹೊಲದ ಮೇಲೆ ಏನ್ ಸ್ವಾಮಿ ಕಣ್ಣು?" ಎಂದು ಬಯ್ಯಪ್ಪ ರೇಗಿಸಿದರೆ, "ನಿಮ್ ಹೊಲ ಖಾಲಿ ಇದ್ರೆ ನಂಗೆ ನಿದ್ದೆ ಬರುತ್ತೆ ಬಯ್ಯಪ್ಪನೋರೆ" ಎಂದು ನಕ್ಕು, ಅವನು ಕೊಟ್ಟ ಅವರೆಕಾಯಿ ಚೀಲವನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರಂತೆ. ಬಯ್ಯಪ್ಪ ಇದನ್ನು ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಿದ್ದ. ವಿಮಾನದವನು ನನ್ನ ಹೊಲಕ್ಕೆ ಕಾವಲು ಕೂತಿದ್ದಾನೆ ಅನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಈ ಸಲ ಕೊಯ್ಲು ಮುಗಿದ ಹೊತ್ತಿಗೆ ಚೈತನ್ಯ ಫೋನು ಮಾಡಿದಳು. ಗುರುವಾರ ಒಬ್ಬಳೇ ಹಾರುವ ದಿನ. ಮೊದಲು ಸಾರ್ ಪಕ್ಕದಲ್ಲಿ ಕೂತು ಒಂದು ಸುತ್ತು ಬರುತ್ತಾರೆ, ಎಲ್ಲ ಸರಿ ಅನ್ನಿಸಿದರೆ ಇಳಿದುಕೊಳ್ಳುತ್ತಾರೆ, ಆಮೇಲೆ ಅವಳೊಬ್ಬಳೇ. ಶಾಲೆಯೊಳಕ್ಕೆ ಅಪ್ಪ ಅಮ್ಮನನ್ನು ಮಾತ್ರ ಬಿಡುತ್ತಾರಂತೆ.

"ಇಬ್ಬರನ್ನೇನಾ?" ಎಂದರು ಯಜಮಾನರು. ಬಯ್ಯಪ್ಪನೂ ಅಂದು ನಮ್ಮ ಮನೆಯಲ್ಲೇ ಇದ್ದ. "ಇಷ್ಟು ಜನ ನೆಂಟರನ್ನ ಇಟ್ಕೊಂಡು ನಾನು ಮನೇಲಿ ಕೂತ್ಕೊಳ್ಳಾ? ಬಯ್ಯಪ್ಪ, ವಿಮಾನ ಎಲ್ಲಿ ನೆಲಕ್ಕೆ ಹತ್ರ ಹಾರುತ್ತೋ?"

"ನಮ್ ಹೊಲದ ಮೇಲೇ ಭಾವ. ಕೈ ಚಾಚಿದ್ರೆ ಚಕ್ರ ಸಿಗುತ್ತೆ."

ಅಲ್ಲಿಗೆ ತೀರ್ಮಾನವಾಯಿತು. ನಮ್ಮಲ್ಲಿ ಹೊಸ ಟ್ರ್ಯಾಕ್ಟರ್ ಬಂದರೂ, ಹೊಸ ಬೈಕು ಬಂದರೂ, ಮೊದಲ ಸಲ ಹೊರಡುವ ಮುಂಚೆ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಎದುರಿಗೆ ನಿಂತು ನಿವಾಳಿಸಿ ಒಡೆಯುತ್ತೇವೆ. ವಿಮಾನಕ್ಕೆ ಬೇಡವೇ ಎಂಬುದು ಯಜಮಾನರ ವಾದ.

"ಮೇಲೆ ಹೋಗೋದಕ್ಕೆ ಹೆಂಗ್ರೀ ನಿವಾಳಿಸ್ತೀರಾ?" ಎಂದೆ.

"ಕೆಳಗಿಂದ್ಲೇ. ದೃಷ್ಟಿ ಏನು ಮೇಲಿಂದ ಬೀಳುತ್ತೇನೇ? ಕೆಳಗೆ ನಿಂತಿರೋರ್ದೇ ಬೀಳೋದು."

ಚೈತನ್ಯಳಿಗೆ ಮಾತ್ರ ಹೇಳಕೂಡದು, ಮೇಲಿಂದ ನೋಡಿ ಆಶ್ಚರ್ಯಪಡಲಿ ಎಂದು ಎಲ್ಲರಿಗೂ ತಾಕೀತಾಯಿತು.

ಗುರುವಾರ ಎರಡು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಜನ ಬಂದರು. ಹೆಂಗಸರು ಮದುವೆ ಸೀರೆ ಉಟ್ಟಿದ್ದರು. ನನ್ನ ತಂಗಿ ಮುನಿಗಂಗಮ್ಮ ಮೊಮ್ಮಕ್ಕಳನ್ನೆಲ್ಲ ಕರೆತಂದಿದ್ದಳು. ಬಿಸಿಲು ಇನ್ನೂ ಎಳೆಯದಿತ್ತು, ರಾಗಿ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಯಜಮಾನರು ಹೊಸ ಪಂಚೆ ಉಟ್ಟು, ಕುಂಬಳಕಾಯಿ ಹಿಡಿದು, ಮೊಮ್ಮಗಳಿಗೆ ಕಾಣಬೇಕೆಂದು ಹೊಲದ ನಟ್ಟನಡುವೆ ನಿಂತರು. ಬದುವಿನಲ್ಲಿ ಕೂತಿದ್ದವರನ್ನೂ ಕರೆದರು.

"ಬನ್ರಪ್ಪ ಇಲ್ಲಿ, ಅಲ್ಲಿ ನಿಂತ್ರೆ ಅವಳಿಗೆ ಏನ್ ಕಾಣುತ್ತೆ, ಮಣ್ಣು?"

ಬೇಲಿಯಾಚೆ ಬಿಳಿ ವಿಮಾನ ಓಡತೊಡಗಿತು. ಮೂಗೆತ್ತಿತು. ಮಕ್ಕಳು ಕಿರುಚಿದರು. ಯಜಮಾನರು ಕರ್ಪೂರ ಹಚ್ಚಿದರು. ವಿಮಾನ ಬೇಲಿಯನ್ನು ದಾಟುವ ಮೊದಲೇ ಅದರ ಸದ್ದು ಬದಲಾಯಿತು. ಬೋರ್‌ವೆಲ್ ಮೋಟಾರಿಗೆ ನೀರು ಸಿಗದೆ ಗಾಳಿ ಎಳೆಯುವಾಗ ಕೆಮ್ಮುತ್ತದಲ್ಲ, ಹಾಗೆ ಒಂದೆರಡು ಸಲ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಮೂಗು ಕೆಳಗಾಯಿತು. ನಮ್ಮ ಕಡೆಗೇ ಇಳಿಯತೊಡಗಿತು.

"ನೋಡ್ರೋ, ಸದ್ದು ನಿಲ್ಲಿಸ್ಕೊಂಡು ನಮ್ಮನ್ನ ನೋಡಕ್ಕೆ ಕೆಳಗೆ ಬರ್ತಾವ್ಳೆ! ನಾ ತಲ್ಲಿ, ನನ್ ತಾಯಿ!" ಎಂದು ಯಜಮಾನರು ಕೂಗಿದರು.

ಜನ ಓಡಿದರು. ದೂರಕ್ಕಲ್ಲ, ಎದುರಿಗೆ. ಕೈ ಬೀಸುತ್ತಾ, ಸೆರಗು ಬೀಸುತ್ತಾ, ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡು ಓಡಿದರು. ಅಡುಗೆಮನೆಯಲ್ಲಿ ಅಷ್ಟು ಸಲ ಆ ಮಾತನ್ನು ಬಾಯಿಬಿಟ್ಟು ಅಂದಿದ್ದ ನನಗೂ ಹೊಳೆಯಲಿಲ್ಲ. ಗಾಜಿನ ಹಿಂದೆ ಎರಡು ತಲೆಗಳು ಕಂಡವು. ಅಷ್ಟು ಹತ್ತಿರ. ಆಗ ವಿಮಾನದ ಎಡ ರೆಕ್ಕೆ ಕೆಳಗೆ ವಾಲಿತು, ವಿಮಾನ ಪಕ್ಕಕ್ಕೆ ತಿರುಗಿತು.

"ನಮಸ್ಕಾರ ಹೊಡೆದ್ಲು! ನಮಸ್ಕಾರ ಹೊಡೆದ್ಲು!" ಎಂದು ಯಾರೋ ಅಂದರು. ನಾವು ಚಪ್ಪಾಳೆ ತಟ್ಟಿದೆವು.

ಹೊಲದ ಪಕ್ಕದ ಕೆರೆ ಏರಿಯ ಹಿಂದೆ ನೀಲಗಿರಿ ತೋಪಿದೆ. ಕೊಂಬೆಗಳು ಮುರಿಯುವ ಸದ್ದು ಅಲ್ಲಿಂದ ಬಂತು. ಆಮೇಲೆ ಇನ್ನೊಂದು ಸದ್ದು. ಹಿಂದೆ ನಿಂತಿದ್ದವರು ಅಷ್ಟಾದರೂ ಸ್ವಲ್ಪ ಹೊತ್ತು ಚಪ್ಪಾಳೆ ತಟ್ಟುತ್ತಲೇ ಇದ್ದರು.

ಕ್ಯಾಪ್ಟನ್ ಚನ್ನಕೇಶವ ಅಲ್ಲೇ ತೀರಿಕೊಂಡರು. ಚೈತನ್ಯಳ ತೊಡೆ ಮೂಳೆ ಮುರಿದಿತ್ತು, ಹೆಗಲ ಮೂಳೆಯೂ ಮುರಿದಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವಳು ಕೇಳಿದ ಮೊದಲ ಮಾತು, "ತಾತಂಗೆ ಏನೂ ಆಗ್ಲಿಲ್ವಾ?" ತಾತ ಎದುರಿಗೇ ನಿಂತಿದ್ದರು. ಬಿದ್ದದ್ದು ಅವಳು, ವಿಚಾರಿಸುತ್ತಿರುವುದು ನನ್ನ ಕ್ಷೇಮ ಎಂದು ಅವರು ಹೊರಗೆ ಹೋಗಿ ಅತ್ತರು. ಆ ಪ್ರಶ್ನೆ ಎಲ್ಲಿಂದ ಬಂತು ಎಂದು ಆಗ ಯಾರೂ ಯೋಚಿಸಲಿಲ್ಲ.

ಅಧಿಕಾರಿಗಳು ಬಂದರು. ಹೊಲದ ಹತ್ತಿರ ಯಾರಾದರೂ ಇದ್ದರೇ ಎಂದು ಕೇಳಿದರು. ರಮೇಶ್‌ಬಾಬು, ನಮ್ಮವರೆಲ್ಲ ಗಾಡಿ ರಸ್ತೆಯಲ್ಲಿ ಮರದಡಿ ನಿಂತಿದ್ದರು ಎಂದುಬಿಟ್ಟ. ಅವನು ತಾಲ್ಲೂಕು ಕಚೇರಿಯಲ್ಲಿ ನೌಕರ, ಕೇಸು ಎಂದರೆ ಏನೆಂದು ಬಲ್ಲವನು. ಮಗಳ ಲೈಸೆನ್ಸಿಗೆ ಎಲ್ಲಿ ಕಲ್ಲು ಬೀಳುತ್ತದೋ ಎಂಬ ಭಯ ಬೇರೆ. ಬಯ್ಯಪ್ಪನೂ ಅದನ್ನೇ ಹೇಳಿದ. ಒಬ್ಬರು ಹೇಳಿದ್ದನ್ನು ಉಳಿದವರೂ ಹೇಳಿದರು.

ಚೈತನ್ಯಳನ್ನು ಮಂಚೇನಹಳ್ಳಿಗೆ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದೆವು. ಯಜಮಾನರಿಗೆ ಓದಲು ಬರುವುದಿಲ್ಲ. ಪತ್ರಿಕೆಯನ್ನು ನಾನೇ ಓದಿ ಹೇಳಬೇಕು. ಒಂದು ದಿನ ಊಟದ ಹೊತ್ತಿಗೆ ಓದಿದೆ. ಇಂಜಿನ್ ಕೆಟ್ಟ ಮೇಲೆ ನೇರವಾಗಿ ಇಳಿಸುವ ಬದಲು ಹಿಂದಕ್ಕೆ ತಿರುಗಿಸಲು ಹೋಗಿದ್ದೇ ದುರಂತಕ್ಕೆ ಕಾರಣ, ಎದುರಿಗೆ ಖಾಲಿ ಹೊಲವಿತ್ತು, ಅನುಭವಿ ಶಿಕ್ಷಕರೇ ಮೂಲಪಾಠ ಮರೆತರು ಎಂದು ತಿಳಿದವರು ಹೇಳುತ್ತಾರೆ, ಎಂದು ಬರೆದಿತ್ತು.

"ಪಾಪ, ಅಷ್ಟು ತಿಳಿದೋನು," ಎಂದರು ಯಜಮಾನರು, ಮುದ್ದೆ ಮುರಿಯುತ್ತಾ. "ನಮ್ ಮಗೂಗೆ ಹಿಂದಕ್ಕೆ ತಿರುಗಬೇಡ ಅಂತ ಹೇಳ್ಕೊಟ್ಟು ತಾನೇ ಯಾಕಪ್ಪ ತಿರುಗಿಸ್ದ?"

ಮಂಚದ ಮೇಲಿಂದ ಚೈತನ್ಯ ಹೇಳಿದಳು. "ಹಿಂದಕ್ಕೆ ತಿರುಗಿಸ್ಲಿಲ್ಲ ತಾತ. ಪಕ್ಕಕ್ಕೆ ತಿರುಗಿಸಿದ್ರು."

"ಎಲ್ಲಾ ಒಂದೇ ಅಲ್ವಾ ತಾಯಿ."

"ಒಂದೇ ಅಲ್ಲ." ಅವಳು ಸೂರು ನೋಡುತ್ತಿದ್ದಳು. "ಇಂಜಿನ್ ಹೋದಾಗ ಮೂಗು ಇಳಿಸಿದ್ದು ನಾನೇ. ಸರಿಯಾಗೇ ಇಳಿಸ್ದೆ. ಗುಡ್ ಅಂದ್ರು. ಬಯ್ಯಪ್ಪನ ಹೊಲಕ್ಕೆ ಬಿಡು ಅಂದ್ರು. ಯಾವಾಗ್ಲೂ ಹಂಗೇ ಹೇಳೋರು, ಇಂಜಿನ್ ಹೋದ್ರೆ ಬಯ್ಯಪ್ಪನ ಹೊಲ, ಅದು ನಂಗೋಸ್ಕರ ಖಾಲಿ ಇರುತ್ತೆ ಅಂತ. ಬಿಟ್ಟೆ. ಆಮೇಲೆ 'ಹೊಲದಲ್ಲಿ ಜನ' ಅಂದ್ರು. ನಾನೂ ನೋಡ್ದೆ. ನೀವು ಕುಂಬಳಕಾಯಿ ಹಿಡ್ಕೊಂಡಿದ್ರಿ. 'ನಂಗೆ ಕೊಡು' ಅಂದ್ರು. ಕೊಟ್ಟೆ. ಅಷ್ಟೇ."

ಯಜಮಾನರ ಕೈಯಲ್ಲಿದ್ದ ತುತ್ತು ಸಾರಿನಲ್ಲಿ ಬಿತ್ತು. ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದರು. ನಾನು ಕಾಫಿ ತೆಗೆದುಕೊಂಡು ಹೋದಾಗ ನನ್ನ ಹೆಸರು ಹಿಡಿದು ಒಂದೇ ಮಾತು ಕೇಳಿದರು.

"ಅಮ್ಮಾಜಿ, ಕ್ಯಾಪ್ಟನ್ನರ ಮನೇಲಿ ಹನ್ನೊಂದನೇ ದಿನದ ಕಾರ್ಯ ಯಾವತ್ತು?"

ರಮೇಶ್‌ಬಾಬು ಗಾಬರಿಯಾದ. "ಅಪ್ಪ, ಹೋಗಿ, ಕೈ ಮುಗೀರಿ, ಊಟ ಮಾಡ್ಕೊಂಡು ಬನ್ನಿ. ಬಾಯಿ ಮಾತ್ರ ಬಿಡ್ಬೇಡಿ. ಹೇಳಿದ್ರೆ ಹೋದೋರು ಬರ್ತಾರಾ?"

"ಅವರ ಒಳ್ಳೆ ಹೆಸರು ವಾಪಸ್ ಬರುತ್ತೋ ಇಲ್ವೋ?"

"ನಿಮ್ ಮೊಮ್ಮಗಳ ಗತಿ ನೋಡಿ ಮೊದಲು! ಮನೆಯೋರೇ ಹೊಲಕ್ಕೆ ನುಗ್ಗಿದ್ರು ಅಂದ್ರೆ ಅವಳನ್ನ ಮತ್ತೆ ಆ ಶಾಲೆಗೆ ಸೇರಿಸ್ಕೊಳ್ತಾರಾ?"

ಯಜಮಾನರು ಚೈತನ್ಯಳ ಕಡೆ ನೋಡಿದರು. ಅವಳು ಗೋಡೆಯ ಕಡೆ ತಿರುಗಿದ್ದಳು. "ಹೇಳಿ ತಾತ," ಎಂದಳು, ಗೋಡೆಗೇ ಹೇಳುವ ಹಾಗೆ.

ಕಾರ್ಯದ ದಿನ ಚಿಂತಾಮಣಿಗೆ ಬಸ್ಸಿನಲ್ಲಿ ಹೋದೆವು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದೆವು. ಶಿಡ್ಲಘಟ್ಟ ಬರುತ್ತಲೇ ರೇಷ್ಮೆ ಗೂಡು ಬೇಯುವ ವಾಸನೆ ಕಿಟಕಿಯಿಂದ ನುಗ್ಗಿತು. ಬೇರೆ ದಿನವಾದರೆ ಯಜಮಾನರು ಗೂಡಿನ ಧಾರಣೆ ಏನೆಂದು ಪಕ್ಕದವರನ್ನು ಕೇಳಿ, ಚಿಂತಾಮಣಿವರೆಗೂ ಮಾತು ಬೆಳೆಸುತ್ತಿದ್ದರು. ಅಂದು ಟವಲನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು. ನನಗೆ ಒಂದೇ ಭಯ. ಹೊಲದಲ್ಲಿ ಇದ್ದೆವೆಂದು ಹೇಳಲಿ, ಆದರೆ ಆ ಚಪ್ಪಾಳೆಯ ವಿಷಯ ಮಾತ್ರ ಇವರ ಬಾಯಿಂದ ಬರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಒಳಗೆ ಕ್ಯಾಪ್ಟನ್ನರ ಫೋಟೋ, ಹಾರ, ಫೋಟೋದ ಮುಂದೆ ಅವರ ಟೋಪಿ. ಅವರ ಹೆಂಡತಿ ಶ್ಯಾಮಲಮ್ಮ ಚಾಪೆಯ ಮೇಲೆ ಕೂತಿದ್ದರು. ನಾವು ಯಾರೆಂದು ಹೇಳಿದ ಕೂಡಲೇ ನನ್ನ ಕೈ ಹಿಡಿದುಕೊಂಡರು.

"ಹುಡುಗಿ ಹೇಗಿದ್ದಾಳಮ್ಮ? ಊಟ ಸೇರ್ತಾ ಇದೆಯಾ?"

ಸ್ವಲ್ಪ ಸ್ವಲ್ಪ ತಿನ್ನುತ್ತಾಳೆ ಎಂದೆ. ಅವರೇ ಮುಂದುವರಿಸಿದರು. "ಅವಳ ವಿಷಯ ತುಂಬ ಹೇಳೋರು. ಅವಳನ್ನ ನಾನು ಏನೂ ಅನ್ನಲ್ಲ. ಆದರೆ ಇವರು ಯಾಕೆ ಹಾಗೆ ಮಾಡಿದ್ರು ಅಂತ ನಂಗೆ ತಿಳೀತಾ ಇಲ್ಲ. ನಮ್ ಮೈದುನನೇ ನಿನ್ನೆ ಅಂದ, ಊರಿಗೆಲ್ಲ ಪಾಠ ಹೇಳಿ ತನಗೇ ಬರಲಿಲ್ಲವಲ್ಲ ಅಂತ. ಇಲ್ಲೇ, ಈ ಫೋಟೋ ಮುಂದೆ ನಿಂತು ಅಂದ."

ಯಜಮಾನರು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದರು. ಸುತ್ತ ನೆಂಟರಿದ್ದರು, ಶಾಲೆಯ ಹುಡುಗರಿದ್ದರು. ಆದರೂ ಯಜಮಾನರು ದನಿ ತಗ್ಗಿಸಲಿಲ್ಲ.

"ಅಮ್ಮ, ಅವರಿಗೆ ಪಾಠ ಬಂತು. ಹೊಲ ಖಾಲಿ ಇರಲಿಲ್ಲ. ಆ ಹೊಲದಲ್ಲಿ ನಾವಿದ್ವಿ. ರಸ್ತೇಲಲ್ಲ, ಹೊಲದಲ್ಲೇ. ನಾನೇ ಎಲ್ಲಾರ್ನೂ ಕರ್ಕೊಂಡು ಹೋಗಿ ನಡುವೆ ನಿಲ್ಲಿಸಿದ್ದು."

ಶ್ಯಾಮಲಮ್ಮ ನನ್ನ ಕೈ ಬಿಡಲಿಲ್ಲ. "ಎಷ್ಟು ಜನ?"

"ಎರಡು ಟ್ರ್ಯಾಕ್ಟರ್ ಜನ."

"ಮಕ್ಕಳು?"

"ಇದ್ರು ತಾಯಿ. ಹೆಗಲ ಮೇಲಿದ್ರು."

ಶ್ಯಾಮಲಮ್ಮ ಫೋಟೋದ ಕಡೆ ನೋಡಿದರು. "ಹಾಗಾದ್ರೆ ತಿರುಗಿಸಲೇಬೇಕಿತ್ತು," ಎಂದರು, ಮನೆಯ ಯಾವುದೋ ಸಣ್ಣ ಲೆಕ್ಕ ಸರಿಹೋದ ಹಾಗೆ. ಮೈದುನ ತಲೆ ತಗ್ಗಿಸಿದ. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ನಮ್ಮ ಕಡೆ ತಿರುಗಿದರು, ಮುಖವೇ ಬೇರೆಯಾಗಿತ್ತು.

"ವಿಮಾನ ಮೈಮೇಲೆ ಬರೋದು ಕಾಣ್ತಲ್ಲ? ಓಡಬಾರದಿತ್ತಾ? ಜಾಗ ಬಿಡಬಾರದಿತ್ತಾ ನೀವು?"

"ಓಡಿದ್ವಿ ತಾಯಿ. ಎದುರಿಗೆ ಓಡಿದ್ವಿ. ಮಗು ನಮ್ಮನ್ನ ನೋಡಕ್ಕೆ ಬರ್ತಾ ಇದೆ ಅನ್ಕೊಂಡ್ವಿ. ಅವರು ರೆಕ್ಕೆ ವಾಲಿಸಿದ್ರಲ್ಲ, ಅದನ್ನ ನಮಸ್ಕಾರ ಅನ್ಕೊಂಡು..." ನಾನು ಅವರ ಪಂಚೆ ಹಿಡಿದು ಎಳೆದೆ. ಅವರು ನಿಲ್ಲಿಸಲಿಲ್ಲ. "ಚಪ್ಪಾಳೆ ತಟ್ಟಿದ್ವಿ."

ಶ್ಯಾಮಲಮ್ಮ ನನ್ನ ಕೈ ಬಿಟ್ಟರು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗಿನಿಂದ ಅಳುವ ಸದ್ದು ಬಂದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಏನೂ ಬರಲಿಲ್ಲ. ಯಾರೋ ಬಂದು ಎಲೆಯ ಮುಂದೆ ಕೂರಿಸಿದರು. ಬಡಿಸಿದ ಅನ್ನವನ್ನು ನೋಡುತ್ತಾ ಕೂತೆವು. ತಿನ್ನಲೂ ಆಗದು, ಕಾರ್ಯದ ಎಲೆ ಬಿಟ್ಟು ಏಳಲೂ ಆಗದು.

ಸಾವಿನ ಮನೆಯಿಂದ ಹೊರಡುವಾಗ ಬರ್ತೀವಿ ಎಂದು ಹೇಳಬಾರದು. ಸುಮ್ಮನೆ ಎದ್ದು ಹೋಗಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಯಜಮಾನರು ಚಪ್ಪಲಿ ಮೆಟ್ಟಿಕೊಂಡವರು, ಆ ಮುಚ್ಚಿದ ಬಾಗಿಲಿನ ಕಡೆ ತಿರುಗಿ, ಬುದ್ಧಿಯೆಲ್ಲ ಎಲ್ಲೋ ಇತ್ತು, "ಬರ್ತೀವಮ್ಮ" ಅಂದುಬಿಟ್ಟರು.

ಶಾಮಿಯಾನದ ಕೆಳಗಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದಳು. ನಾನು ಯಜಮಾನರ ತೋಳು ಹಿಡಿದೆ. ಆಗ ಒಳಬಾಗಿಲು ತೆರೆಯಿತು. ಶ್ಯಾಮಲಮ್ಮ ಹೊಸ್ತಿಲವರೆಗೆ ಬಂದರು.

"ಬನ್ನಿ," ಎಂದರು. "ಆಫೀಸರುಗಳು ಮತ್ತೆ ಬರ್ತಾರೆ. ಅವತ್ತು ಬನ್ನಿ. ನಂಗೆ ಹೇಳಿದ್ದನ್ನ ಅವರಿಗೂ ಹೇಳಿ. ಆ ಚಪ್ಪಾಳೆ ವಿಷಯ ಅಲ್ಲಿ ಹೇಳ್ಬೇಡಿ. ಅದು ನನ್ ಹತ್ರನೇ ಇರಲಿ."

ಹೇಳಿದ ದಿನ ಯಜಮಾನರು ಹೋದರು, ಅಧಿಕಾರಿಗಳಿಗೆ ಹೇಳಿದರು. ಬಯ್ಯಪ್ಪನೂ ಮಾತು ತಿದ್ದಿಕೊಂಡ. ರಮೇಶ್‌ಬಾಬು ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ಅಧಿಕಾರಿಗಳ ವರದಿ ಬರಲು ತುಂಬ ದಿನ ಹಿಡಿಯುತ್ತದಂತೆ, ಅದರಲ್ಲಿ ಏನು ಬರೆಯುತ್ತಾರೋ ತಿಳಿಯದು. ಚೈತನ್ಯ ಈಗ ಕೋಲೂರಿಕೊಂಡು ಅಡುಗೆಮನೆಯವರೆಗೆ ಬರುತ್ತಾಳೆ. ಮಣೆಯ ಮೇಲೆ ಕೂತು ಊಟ ಮಾಡುತ್ತಾಳೆ. ಮತ್ತೆ ಹಾರುತ್ತಾಳೋ ಇಲ್ಲವೋ ಅವಳೂ ಹೇಳಿಲ್ಲ, ನಾವೂ ಕೇಳಿಲ್ಲ. ಅವಳು ತುತ್ತು ಬಾಯಿಗಿಡುವಾಗ ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ.

ಶಾಲೆ ಮತ್ತೆ ಶುರುವಾಗಿದೆ. ಇನ್ನು ಯಾರೂ ಬಂದು ನಿಲ್ಲದಿರಲಿ ಎಂದು ಬಯ್ಯಪ್ಪ ಹುಲ್ಲಿನ ಬಣವೆಯನ್ನು ಹೊಲದ ನಡುವೆಯೇ ಒಟ್ಟಿಬಿಟ್ಟಿದ್ದ. ಅದು ಕಿವಿಗೆ ಬಿದ್ದದ್ದೇ ಯಜಮಾನರು ಬೆಳಗಿನ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ.

"ಭಾವ, ಈ ವಯಸ್ಸಲ್ಲಿ ಬ್ಯಾಡ, ಆಳು ಕರೆಸ್ತೀನಿ" ಎಂದು ಬಯ್ಯಪ್ಪ ಹಿಂದೆ ಹಿಂದೆ ಬಂದ.

"ಆಳು ಬ್ಯಾಡ. ನೀನು ಬೇಕಾದ್ರೆ ಒಂದು ಕೈ ಹಾಕು."

ಬಣವೆ ಬಿಚ್ಚಿ, ಹೊರೆ ಹೊರೆಯಾಗಿ ಬದುವಿಗೆ ಹೊತ್ತು ಹಾಕಿದೆವು. ಯಜಮಾನರು ಹೊರೆ ಹೊತ್ತು ನಡೆಯುತ್ತಿದ್ದಾಗ ಬೇಲಿಯಾಚೆಯಿಂದ ಒಂದು ವಿಮಾನ ಎದ್ದು ನಮ್ಮ ಮೇಲೆಯೇ ಹೋಯಿತು. ಬಯ್ಯಪ್ಪ ನೋಡಿದ, ನಾನು ನೋಡಿದೆ. ಅವರು ತಲೆ ಎತ್ತಲಿಲ್ಲ. ಬದುವಿಗೆ ಬೇಗ ಬೇಗ ಹೆಜ್ಜೆ ಹಾಕಿದರು, ಅಲ್ಲಿ ನಿಂತು ಸದ್ದು ಪೂರಾ ದೂರವಾಗುವವರೆಗೆ ಕಿವಿಗೊಟ್ಟರು. ಆಮೇಲೆ ಇನ್ನೊಂದು ಹೊರೆಗೆ ಬಂದರು.